ಎರಡು ಬೆರಳು ಕೆಳಗೆ

ಕಾರನ್ನು ನೆಲಕ್ಕೆ ಹತ್ತಿರ ತಂದುಕೊಡಿ ಎಂದು ಸ್ಪ್ರಿಂಗಣ್ಣನ ಅಂಗಡಿಗೆ ಬರುವವರೆಲ್ಲ ಒಂದೇ ಅಚ್ಚಿನವರು. ಬೆರಳ ತುದಿಯಲ್ಲಿ ಕೀ ಗಿರಗಿರ ತಿರುಗುತ್ತಿರುತ್ತದೆ, ಕಣ್ಣು ಪಕ್ಕದವನ ಗಾಡಿಯ ಮೇಲಿರುತ್ತದೆ, ತಾವು ಹೋದಲ್ಲೆಲ್ಲ ಬೀದಿಯವರು ಬಾಯಿ ಬಿಟ್ಟು ನೋಡಬೇಕೆಂಬುದೊಂದೇ ಆಸೆ. ರಸ್ತೆಯ ಹಂಪು ಕಾರಿನ ಹೊಟ್ಟೆ ಉಜ್ಜಿದ ದಿನ ಅದೇ ಜನ ಮುಖ ಸಪ್ಪಗೆ ಮಾಡಿಕೊಂಡು ವಾಪಸ್ಸು ಬರುತ್ತಾರೆ. ಈ ಸಾಲಿನಲ್ಲಿ ಟೈಲರಮ್ಮನೂ ಸೇರಿದಳೆಂದರೆ ಯಾರೂ ನಂಬಲಿಕ್ಕಿಲ್ಲ. ಅವಳಿಗೆ ಯಾರೂ ಬಾಯಿ ಬಿಡುವುದು ಬೇಕಿರಲಿಲ್ಲ. ಯಾರ ಕೈಯೂ ತಾಗದೆ ತನ್ನ ಕಾರಿನೊಳಗೆ ತಾನು ಕೂರಬೇಕಿತ್ತು, ಅಷ್ಟೇ.

ಮೂರು ವರ್ಷದ ಹಿಂದೆ ಬೆನ್ನುಹುರಿಗೆ ಬಂದ ಕಾಯಿಲೆ ಅವಳ ಕಾಲಿನ ಬಲವನ್ನು ಪೂರಾ ಕಿತ್ತುಕೊಂಡಿತ್ತು. ಕೈ, ಕಣ್ಣು, ನಾಲಿಗೆ ಮೂರನ್ನೂ ಬಿಟ್ಟು ಹೋಗಿತ್ತು. ಅದರಲ್ಲೂ ನಾಲಿಗೆ ಮೊದಲಿಗಿಂತ ಚುರುಕಾಗಿತ್ತು. ಗಾಲಿಕುರ್ಚಿಯಲ್ಲಿ ಕೂತೇ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ನಡೆಸುತ್ತಿದ್ದಳು. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಸ್ನಾನದ ಸ್ಟೂಲಿಗೆ ಒಂದು ನುಣುಪಾದ ಹಲಗೆಯನ್ನು ಅಡ್ಡ ಇಟ್ಟುಕೊಂಡು ಜಾರುವುದನ್ನು ಕಲಿತಿದ್ದಳು. ಕೈಯಲ್ಲೇ ಬ್ರೇಕು, ಆಕ್ಸಿಲರೇಟರು ಒತ್ತುವ ಹಾಗೆ ಪುಟ್ಟ ಕಾರಿಗೆ ಹಿಡಿಕೆ ಹಾಕಿಸಿ ಲೈಸೆನ್ಸನ್ನೂ ಪಡೆದಿದ್ದಳು. ಎಲ್ಲ ಆಗಿತ್ತು, ಕಾರು ಹತ್ತುವುದೊಂದು ಬಿಟ್ಟು. ಅದಕ್ಕೆ ಗಂಡನೇ ಬೇಕಿತ್ತು. ಮನೆಯ ಮುಂದೆ ಅವನು ಎತ್ತಿ ಕೂರಿಸಬೇಕು, ಹೋದ ಕಡೆಯಿಂದ ಹೊರಡುವಾಗ ಮತ್ತೆ ಅವನೇ ಎತ್ತಬೇಕು.

ಊರಿನ ಆ ತುದಿಯ ಹೊಲಿಗೆ ತರಬೇತಿ ಕೇಂದ್ರದವರು, ವಾರಕ್ಕೆ ಮೂರು ದಿನ ಬೆಳಿಗ್ಗೆ ಬಂದು ಕಟಿಂಗ್ ಕಲಿಸುತ್ತೀರಾ ಎಂದು ಕೇಳಿದಾಗ ಅವಳು ಹಿಂದೆಮುಂದೆ ನೋಡದೆ ಹೂಂ ಅಂದುಬಿಟ್ಟಳು. ಹೂಂ ಅಂದ ಮೂರನೇ ದಿನ, ಅವಳನ್ನು ಎತ್ತಲು ಬಗ್ಗಿದ ಗಂಡ ಬಗ್ಗಿದಂತೆಯೇ ನಿಂತ. ಸೊಂಟ ಹಿಡಿದುಕೊಂಡಿತ್ತು. ಇನ್ನು ಭಾರ ಎತ್ತುವ ಮಾತೇ ಆಡಬೇಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು.

"ಅಂದ್ರೆ ನಾನು ಭಾರ ಅಂತ ತಾನೆ?" ಎಂದು ಟೈಲರಮ್ಮ ಕೇಳಿದಳು.

"ಭಾರ ಅಂದೋರು ಡಾಕ್ಟ್ರು. ನಾನು ತುಟಿಪಿಟಕ್ ಅಂದಿಲ್ಲ," ಎಂದ ಗಂಡ, ಗೋಡೆ ಹಿಡಿದುಕೊಂಡು.

ನಗು ಬಂದರೂ ಅವಳ ಎದೆಯೊಳಗೆ ಭಯ ಕೂತಿತ್ತು. ಪಾಠ ಶುರುವಾಗುವ ಸೋಮವಾರಕ್ಕೆ ಹನ್ನೊಂದೇ ದಿನ. ಬರಲಾಗದಿದ್ದರೆ ಈಗಲೇ ಹೇಳಿ, ಬೇರೆಯವರನ್ನು ನೋಡುತ್ತೇವೆ ಎಂದು ಕೇಂದ್ರದವರು ಮೊದಲೇ ತಿಳಿಸಿದ್ದರು. ಅವಳು ಫೋನೆತ್ತಲಿಲ್ಲ. ಕೊರಳಲ್ಲಿದ್ದ ಅಳತೆ ಟೇಪು ತೆಗೆದುಕೊಂಡು ಕಾರಿನ ಹತ್ತಿರ ಹೋದಳು.

ಕುರ್ಚಿಯ ಎತ್ತರ ಐವತ್ತೆರಡು ಸೆಂಟಿಮೀಟರು, ಕಾರಿನ ಸೀಟು ಐವತ್ತೆಂಟು. ಮೂರು ಬೆರಳಿನ ಏರು. ಹಲಗೆ ಇಟ್ಟುಕೊಂಡರೆ ಅರ್ಧ ಹತ್ತಿ ವಾಪಸ್ಸು ಜಾರುತ್ತಾಳೆ. ಕುರ್ಚಿಗೆ ದಪ್ಪ ದಿಂಬು ಹಾಕಿದರೆ ಮೈ ಓಲಾಡುತ್ತದೆ, ಮಂಡಿ ಹೊಲಿಗೆ ಮೇಜಿಗೆ ಬಡಿಯುತ್ತದೆ. ಆದರೆ ಅವಳ ಮಂಚ ಕುರ್ಚಿಗಿಂತ ಒಂದು ಬೆರಳು ಎತ್ತರ. ಅಷ್ಟು ಏರನ್ನು ಅವಳು ದಿನವೂ ಯಾರ ಹಂಗಿಲ್ಲದೆ ಹತ್ತುತ್ತಾಳೆ. ಹಾಗಾದರೆ ಕಾರು ಎರಡು ಬೆರಳು ಇಳಿದರೆ ಸಾಕು.

"ಏನೂಂದ್ರೆ, ಪ್ಯಾಂಟು ಉದ್ದ ಆದ್ರೆ ಕಾಲು ಎಳೀತೀವಾ? ಪ್ಯಾಂಟು ತಾನೆ ಗಿಡ್ಡ ಮಾಡೋದು? ಕಾರನ್ನೂ ಎರಡ್ ಬೆರಳು ಗಿಡ್ಡ ಮಾಡ್ಸೋಣ."

"ಕಾರೇನೇ ಪ್ಯಾಂಟಾ, ಕೆಳಗಡೆ ಮಡಚಿ ಹೊಲಿಯೋಕೆ?" ಎಂದು ಗಂಡ ನಕ್ಕ. ಆದರೆ ಮರುದಿನ ನಾಲ್ಕು ಕಡೆ ವಿಚಾರಿಸಿ, ಚಕ್ರದ ಮೇಲಿನ ಸ್ಪ್ರಿಂಗು ತೆಗೆದು ಗಿಡ್ಡ ಸ್ಪ್ರಿಂಗು ಹಾಕಿದರೆ ಇಡೀ ಕಾರು ತಗ್ಗುತ್ತದೆಂದು ತಿಳಿದುಕೊಂಡು ಬಂದ. ಇಪ್ಪತ್ತೈದು, ನಲವತ್ತು, ಅರವತ್ತು ಮಿಲಿಮೀಟರು ಇಳಿಸುವ ಮೂರು ಬಗೆ ಇವೆಯಂತೆ, ಆ ಕೆಲಸಕ್ಕೆ ಸ್ಪ್ರಿಂಗಣ್ಣನೇ ಸರಿಯಂತೆ.

ಗಂಡ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಯಂತ್ರಗಳು ದಡಬಡ ಸದ್ದು ಮಾಡುತ್ತಿರುವಾಗಲೇ ಅಲ್ಲಿಂದ ಸ್ಪ್ರಿಂಗಣ್ಣನಿಗೆ ಫೋನು ಮಾಡಿ, ಎರಡು ಬೆರಳು ಇಳಿಸಿ ಎಂದು ಕೂಗಿ ಹೇಳಿದ. ಆಯ್ತಣ್ಣ, ಎರಡು ಬೆರಳು ತಾನೆ, ಎಂದು ಸ್ಪ್ರಿಂಗಣ್ಣನೂ ಕೂಗಿದ. ಮಾರನೆಯ ದಿನ ಕಾರು ಅಂಗಡಿಗೆ ಹೋಯಿತು, ಎರಡು ದಿನಕ್ಕೆ ತಯಾರಾಯಿತು. ಗಂಡನೇ ಓಡಿಸಿಕೊಂಡು ಬಂದ. ಗೇಟಿನ ಸಿಮೆಂಟು ಇಳಿಜಾರಿನ ಮೇಲೆ ಕರ್‌ರ್ ಎಂಬ ಸದ್ದಾಯಿತು. ಒಳಗೆ ಕತ್ತರಿ ಹಿಡಿದಿದ್ದ ಟೈಲರಮ್ಮನ ಹಲ್ಲು ಜುಮ್ಮೆಂದಿತು. ಹೊರಗೆ ಬಂದು ನೋಡಿದರೆ ಕಾರು ಕಾವಿಗೆ ಕೂತ ಕೋಳಿಯ ಹಾಗೆ ಅಂಗಳದಲ್ಲಿ ಕೂತಿತ್ತು.

ಫೋನು ಹೋದ ಅರ್ಧ ಗಂಟೆಯಲ್ಲಿ ಸ್ಪ್ರಿಂಗಣ್ಣ ಬಂದ. ಕೈಗೆಲ್ಲ ಗ್ರೀಸು, ಮುಖದಲ್ಲಿ ಅಳುಕಿಲ್ಲ.

"ಟೈರಿಗೂ ಮಡ್‌ಗಾರ್ಡಿಗೂ ಮಧ್ಯ ಮೊದ್ಲು ಐದು ಬೆರಳು ಜಾಗ ಇತ್ತು. ನೀವು ಎರಡು ಉಳ್ಸಿ ಅಂದ್ರಿ, ಎರಡು ಉಳ್ಸಿದೀನಿ. ಬೇಕಾದ್ರೆ ಕೈಯಿಟ್ಟು ನೋಡಿ."

"ಉಳ್ಸಿ ಅಲ್ರೀ, ಇಳ್ಸಿ! ಇಳ್ಸಿ ಅಂದೆ ನಾನು!"

"ನನ್ ಅಂಗಡೀಲಿ ಇಳ್ಸಿ ಅಂತ ಯಾರಣ್ಣ ಹೇಳ್ತಾರೆ? ಇಳಿಸೋದೇ ನನ್ ಕೆಲ್ಸ. ಎಷ್ಟು ಉಳಿಸ್ಬೇಕು ಅಂತ್ಲೇ ಎಲ್ರೂ ಹೇಳೋದು."

ಇಪ್ಪತ್ತು ವರ್ಷ ಬೇರೆಯವರ ಅಕ್ಷರ ತಿದ್ದಿದ ಗಂಡನಿಗೆ ತನ್ನ ಬಾಯಿಂದ ಬಿದ್ದ ಒಂದು ಇಕಾರವನ್ನು ಕಾಪಾಡಿಕೊಳ್ಳಲು ಆಗಿರಲಿಲ್ಲ. ಎರಡು ಬೆರಳಿನ ಬದಲು ಮೂರು ಬೆರಳು ಇಳಿದಿತ್ತು ಕಾರು. ಅರವತ್ತು ಮಿಲಿಮೀಟರಿನ ಸ್ಪ್ರಿಂಗು. ಇಬ್ಬರೂ ಉಳ್ಸಿ, ಇಳ್ಸಿ ಎಂದು ಅಂಗಳದಲ್ಲಿ ಜಗ್ಗಾಡುತ್ತಿದ್ದರು.

"ನಿಮ್ಮಿಬ್ರ ವ್ಯಾಕರಣ ಮುಗಿದಿದ್ರೆ ಆ ಹಲಗೆ ಸ್ವಲ್ಪ ಇತ್ತ ಕೊಡ್ತೀರಾ?" ಎಂದಳು ಟೈಲರಮ್ಮ.

ಅವಳು ಕುರ್ಚಿಯನ್ನು ಕಾರಿಗೆ ಒತ್ತಿಕೊಂಡು ನಿಲ್ಲಿಸಿ ಚಕ್ರಗಳಿಗೆ ಬ್ರೇಕು ಹಾಕಿದಳು. ಹಲಗೆಯನ್ನು ಸೀಟಿಗೂ ಕುರ್ಚಿಗೂ ಸೇರಿಸಿದಳು. ಏರಿಲ್ಲ, ಇಳುಕಲಿಲ್ಲ, ಮೇಜಿನಷ್ಟು ಸಮ. ಕೈಯೂರಿ ಒಮ್ಮೆ ಸರಿದಳು, ಇನ್ನೊಮ್ಮೆ ಸರಿದಳು. ಮೂರನೆಯ ಸಲಕ್ಕೆ ಸ್ಟೀರಿಂಗ್ ಎದುರಿಗಿತ್ತು. ಕಾಲುಗಳನ್ನು ಒಂದೊಂದಾಗಿ ಕೈಯಿಂದ ಎತ್ತಿ ಒಳಗಿಟ್ಟುಕೊಂಡಳು. ಮೂರು ವರ್ಷದಲ್ಲಿ ಮೊದಲ ಸಲ ತಾನಾಗಿ ಕಾರಿನಲ್ಲಿ ಕೂತಿದ್ದಳು. ಅಳು ಬಂತು, ತಡೆದುಕೊಳ್ಳಲೂ ಹೋಗಲಿಲ್ಲ.

ಸ್ಪ್ರಿಂಗಣ್ಣ ಗ್ರೀಸಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಇದಕ್ಕಾ ಅಕ್ಕ ನೀವು ಕೇಳಿದ್ದು? ಮೊದ್ಲೇ ಹೇಳ್ಬಾರ್ದಿತ್ತಾ?" ಎಂದ. ಅವನ ಕೈ ದಾಟಿ ಹೋದ ಸಾವಿರಾರು ಕಾರುಗಳಲ್ಲಿ ಒಂದಾದರೂ ಒಳಗೆ ಹತ್ತುವುದಕ್ಕಾಗಿ ತಗ್ಗಿದ್ದಿಲ್ಲ.

"ಹಂಗಿದ್ರೆ ಇದೇ ಇರ್ಲಿ," ಎಂದ ಗಂಡ, ಜಗಳವನ್ನೆಲ್ಲ ಮರೆತು. "ಗೇಟಿನ ಇಳಿಜಾರು ಒಡೆಸಿ ಉದ್ದ ಮಾಡಿಸ್ತೀನಿ."

ಸ್ಪ್ರಿಂಗಣ್ಣ ತಲೆ ಆಡಿಸಿದ. ಗಿರಾಕಿ ಒಪ್ಪಿದ ಮೇಲೆ ಸುಮ್ಮನಿರಬಹುದಿತ್ತು, ಆದರೆ ಅವನು ಅಂಥವನಲ್ಲ. "ನಿಮ್ ಗೇಟು ಒಡೆಸ್ತೀರಿ. ದಾರೀಲಿರೋ ಹಂಪುಗಳ್ನ ಯಾರು ಒಡೀತಾರೆ? ಹೋದಲ್ಲೆಲ್ಲ ಹೊಟ್ಟೆ ಉಜ್ಜತ್ತೆ. ನಲವತ್ತರ ಸ್ಪ್ರಿಂಗು ಹಾಕಿದ್ರೆ ಎಲ್ಲೂ ತಾಗಲ್ಲ. ಆದ್ರೆ ಅಕ್ಕಂಗೆ ಒಂದ್ ಬೆರಳು ಏರು ಬೀಳತ್ತೆ. ಅಕ್ಕನೇ ಹೇಳ್ಬೇಕು."

ಟೈಲರಮ್ಮ ಸೀಟಿನ ಮೇಲೆ ಕೈಯಾಡಿಸಿದಳು. ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಇಷ್ಟು ಸಲೀಸಾಗಿ ಸಿಕ್ಕಿದ್ದನ್ನು ಯಾರು ತಾನೆ ಬಿಡುತ್ತಾರೆ? ಜ್ವರ ಬಂದ ದಿನವೂ ಇದರೊಳಗೆ ಜಾರಿ ಕೂರಬಹುದು. ಕೂತು ಅಂಗಳವನ್ನೇ ನೋಡುತ್ತಿರಬಹುದು.

"ಕಾರಿರೋದು ಕೂರೋಕಲ್ಲ, ಹೋಗೋಕೆ," ಎಂದಳು ಕೊನೆಗೆ. "ನಲವತ್ತರದೇ ಹಾಕಿ. ಆ ಒಂದು ಬೆರಳು ನನ್ ಪಾಲಿಗಿರ್ಲಿ."

ಹೊಸ ಸ್ಪ್ರಿಂಗು ಹಾಕಿಸಿಕೊಂಡು ಕಾರು ಮನೆಗೆ ಬರುವಷ್ಟರಲ್ಲಿ ಸೋಮವಾರಕ್ಕೆ ಐದು ದಿನ ಉಳಿದಿತ್ತು. ಮಂಚದ ಒಂದು ಬೆರಳೂ ಕಾರಿನ ಒಂದು ಬೆರಳೂ ಒಂದೇ ಅಲ್ಲವೆಂದು ಅವತ್ತೇ ಗೊತ್ತಾಯಿತು. ಮಂಚಕ್ಕಾದರೆ ಹಿಡಿಯಲು ಕಟ್ಟು ಇದೆ, ಇಲ್ಲಿ ಬರೀ ಗಾಳಿ. ಮೂರು ಸಲ ಹತ್ತಿ ಮೂರು ಸಲವೂ ಜಾರಿ ಕುರ್ಚಿಗೇ ಬಂದು ಬಿದ್ದಳು. ಪ್ರತಿ ಸಲವೂ ಗಂಡನ ಕೈ ತಾನಾಗಿ ಮುಂದೆ ಬರುತ್ತಿತ್ತು.

"ಕೈ ಜೇಬಲ್ಲಿರ್ಲಿ."

"ನೀನು ಕೆಳಗೆ ಬಿದ್ರೆ ಏನೇ ಗತಿ?"

"ಬಿದ್ರೆ ಎತ್ತೋಕೆ ನಿಮ್ ಕೈಲಾಗಲ್ಲ. ಅದಕ್ಕೇ ಬೀಳಲ್ಲ," ಎಂದಳು. ಆಮೇಲೆ ದನಿ ತಗ್ಗಿಸಿ, "ನೀವು ಎತ್ತಿದ್ದು ನಂಗೆ ಯಾವತ್ತೂ ಅವಮಾನ ಅನ್ನಿಸ್ಲಿಲ್ಲ ಕಣ್ರೀ. ನಿಮ್ಮ ಸೊಂಟ ಮುರಿದು ನಾನು ಹೋಗ್ಬೇಕಾದ್ದು ಎಲ್ಲೂ ಇಲ್ಲ, ಅಷ್ಟೇ," ಎಂದಳು. ಗಂಡ ಮುಖ ಆಚೆ ತಿರುಗಿಸಿಕೊಂಡ. ಕೈ ಮಾತ್ರ ಜೇಬಿಗೆ ಹೋಯಿತು.

ಮರುದಿನ ಅವಳು ಬ್ಯಾಗಿಗೆ ಹಾಕುವ ದಪ್ಪ ಪಟ್ಟಿಯನ್ನು ಎರಡು ಮಡಿಕೆ ಮಾಡಿ, ಮಿಷನ್ನಿನಲ್ಲಿ ನಾಲ್ಕು ಸಾಲು ಹೊಲಿಗೆ ಹಾಕಿ ಒಂದು ಕುಣಿಕೆ ಮಾಡಿದಳು. ಕಾರಿನ ಚಾವಣಿಯ ಹಿಡಿಕೆಗೆ ಅದನ್ನು ಕಟ್ಟಿದಳು. ಹಿಡಿಯಲು ಆಸರೆ ಸಿಕ್ಕಿತು, ಆದರೂ ಎರಡು ದಿನ ತೋಳು ಸೋತು ಬಂತು. ಶನಿವಾರ ಮಧ್ಯಾಹ್ನ ಕುಣಿಕೆ ಹಿಡಿದು ಎಳೆದುಕೊಂಡವಳು ಜಾರಲಿಲ್ಲ. ಸೀಟಿನ ಮೇಲಿದ್ದಳು. ಭಾನುವಾರ ಒಂಬತ್ತು ಸಲ ಹತ್ತಿ ಇಳಿದಳು. ಕುರ್ಚಿಯ ಚಕ್ರ ಕಳಚಿ, ಮಡಿಲ ಮೇಲಿಂದ ಒಳಗೆಳೆದು ಪಕ್ಕದ ಸೀಟಿಗೆ ಹಾಕುವುದೂ ಕೈಗೆ ಕೂತಿತು.

ಸೋಮವಾರ ಬೆಳಿಗ್ಗೆ ಗಂಡ ಇಸ್ತ್ರಿ ಮಾಡಿದ ಅಂಗಿ ತೊಟ್ಟು ತಯಾರಾಗಿ ಬಂದ. ನೋಡಿದರೆ ಪಕ್ಕದ ಸೀಟಿನ ತುಂಬ ಗಾಲಿಕುರ್ಚಿ, ಹಿಂದಿನ ಸೀಟಿನಲ್ಲಿ ಕತ್ತರಿ, ಕಾಗದದ ಸುರುಳಿ, ಬಟ್ಟೆಯ ಗಂಟು.

"ನಾನೆಲ್ಲಿ ಕೂರ್ಲಿ?"

"ನಿಮಗೆ ಪ್ರೆಸ್ಸಲ್ಲಿ ಕೆಲ್ಸ ಇಲ್ವಾ?" ಎಂದು ನಕ್ಕು ಅವಳು ಬಾಗಿಲು ಹಾಕಿಕೊಂಡಳು. ಗೇಟಿನ ಇಳಿಜಾರಿನಲ್ಲಿ ಇಬ್ಬರೂ ಉಸಿರು ಬಿಗಿಹಿಡಿದಿದ್ದರು. ಏನೂ ತಾಗಲಿಲ್ಲ. ಗಂಡ ಬೀದಿಯ ತಿರುವಿನವರೆಗೂ ನೋಡುತ್ತಾ ನಿಂತ. ಅವನಿಗೆ ಖುಷಿಯಾಗಿತ್ತು, ಸ್ವಲ್ಪ ಹೊಟ್ಟೆಯುರಿಯೂ ಆಗಿತ್ತು.

ದಾರಿಯಲ್ಲಿ ಏಳು ಹಂಪು. ಏಳನ್ನೂ ನಿಧಾನವಾಗಿ ದಾಟಿಸಿಕೊಂಡು ಅವಳು ಕೇಂದ್ರದ ಅಂಗಳಕ್ಕೆ ಬಂದಳು. ಕಾವಲುಗಾರ ಓಡಿಬಂದ. ಅವಳು ಕುರ್ಚಿಗೆ ಚಕ್ರ ಜೋಡಿಸಿ, ಹಲಗೆಯಿಟ್ಟು, ಜಾರಿ ಕೂತು, ಸಾಮಾನನ್ನೆಲ್ಲ ಮಡಿಲಿಗೆ ತೆಗೆದುಕೊಂಡು ಕಾರಿಗೆ ಬೀಗ ಹಾಕುವವರೆಗೂ ಅವನು ಕೈ ಚಾಚಲೋ ಬೇಡವೋ ಎಂದು ತಿಳಿಯದೆ ನಿಂತಿದ್ದ. ಆಮೇಲೆ ಅವಳ ತಲೆಯ ಮೇಲಿಂದ ಹಿಂದಕ್ಕೆ ನೋಡಿದ. ಈ ಮೂರು ವರ್ಷ ಎಲ್ಲರೂ ಹೀಗೇ, ಇವರಿಗೆ ಏನು ಬೇಕಂತೆ ಎಂದು ಕುರ್ಚಿಯ ಹಿಂದೆ ನಿಂತವನನ್ನು ಕೇಳುವುದು. ಇವತ್ತು ಹಿಂದೆ ಯಾರೂ ಇರಲಿಲ್ಲ. ಬೇರೆ ದಾರಿ ಕಾಣದೆ ಅವನು ಅವಳನ್ನೇ ಕೇಳಬೇಕಾಯಿತು.

"ಯಾರು ಬೇಕಿತ್ತಮ್ಮ?"

"ಯಾರೂ ಬೇಡಪ್ಪ," ಎಂದಳು ಟೈಲರಮ್ಮ. "ಕಟಿಂಗ್ ಕ್ಲಾಸ್ ಎಲ್ಲಿ ಹೇಳು. ನಾನು ಟೀಚರ್ರು."