ಹಸಿ ಕುಂಡ

ಅಚ್ಚಿನ ಹಗ್ಗ ಬಿಚ್ಚಿ ಮೊದಲ ಹಲಗೆ ಎಳೆದ ಕೂಡಲೇ ಭಾರತಮ್ಮನ ಹೆಬ್ಬೆರಳು ಕುಂಡದೊಳಕ್ಕೆ ಇಳಿದುಹೋಯಿತು. ಅವಳು ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡಳು. ಕಳೆದ ಸೋಮವಾರ ಎರೆದ ಸಿಮೆಂಟು ಅದು. ಇಷ್ಟು ಹೊತ್ತಿಗೆ ತಟ್ಟಿದರೆ ಕಲ್ಲಿನ ಸದ್ದು ಬರಬೇಕಿತ್ತು. ಬದಲಿಗೆ ತಣ್ಣಗೆ, ಮೆತ್ತಗೆ, ನೆರಳಲ್ಲಿ ಮಲಗಿದ ಎಮ್ಮೆಯ ಹೊಟ್ಟೆಯಂತಿತ್ತು.

ಮನೆಯ ಮುಂದೆ ಅವಳ ಮಾವ ಗಂಗುಲಪ್ಪನ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ತಮಟೆಯವರು ಹುಲ್ಲಿಗೆ ಬೆಂಕಿ ಹಚ್ಚಿ ತಮಟೆ ಕಾಯಿಸುತ್ತಿದ್ದರು.

"ಆಯ್ತೇನೇ?" ಗಂಡ ಆಂಜಿನಪ್ಪ ಹಿತ್ತಿಲ ಬಾಗಿಲಲ್ಲಿ ನಿಂತು ಕೇಳಿದ. "ಗಾಡಿ ಕಟ್ಟಿದಾರೆ. ಮೊದ್ಲು ಕುಂಡ ಹೋಗ್ಬೇಕಂತೆ ಹೊಲಕ್ಕೆ."

"ಆಗಿಲ್ಲ."

"ಏನಾಗಿಲ್ಲ?"

"ಬಂದು ಮುಟ್ಟಿ ನೋಡಿ."

ಅವನು ಮುಟ್ಟಲಿಲ್ಲ. ಹಲಗೆಯ ಆಸರೆ ತಪ್ಪಿದ ಕುಂಡ ಅವರಿಬ್ಬರೂ ನೋಡುತ್ತಿದ್ದಂತೆಯೇ ಒಂದು ಪಕ್ಕಕ್ಕೆ ಮೆಲ್ಲಗೆ ಕುಸಿದು, ಹೊಟ್ಟೆ ಮುಂದೆ ಮಾಡಿ ನಿಂತಿತು. ಕುಕ್ಕರಗಾಲಲ್ಲಿ ಕೂತು ಬೀಡಿ ಸೇದುವ ಮುದುಕನ ಹಾಗೆ. ಆಂಜಿನಪ್ಪ ಒಂದು ಹೆಜ್ಜೆ ಹಿಂದೆ ಸರಿದ.

*

ಗಂಗುಲಪ್ಪ ಪ್ರಾಯವೆಲ್ಲ ಗಾರೆ ಕೆಲಸದಲ್ಲಿ ಕಳೆದವನು. ಸುಣ್ಣ, ಮರಳು, ಬೆಲ್ಲದ ನೀರು ಕಲಸಿ ಮಾಲೂರಿನ ಅರ್ಧ ಮನೆಗಳ ಗೋಡೆ ಮೆತ್ತಿದ್ದ. ಚಿನ್ನದ ಗಣಿಯ ದೊರೆಗಳ ಬಂಗಲೆಗೆ ಕೆಲಸಕ್ಕೆ ಹೋದಾಗ ಅಲ್ಲಿನ ತೋಟದಲ್ಲಿ ಬೂದುಬಣ್ಣದ ಸಿಮೆಂಟಿನ ಹೂಕುಂಡಗಳನ್ನು ಕಂಡ. ಮೆಟ್ಟಿಲ ಮೇಲೆ ಕೂತು ಅವನ್ನೇ ನೋಡಿದ. ಊರಿಗೆ ಬಂದವನು ಹಲಸಿನ ಹಲಗೆಯಿಂದ ಅಚ್ಚು ಮಾಡಿ, ಒಳಮೈಗೆ ಎಣ್ಣೆ ಸವರಿದ ಅರಳಿ ಎಲೆಗಳನ್ನು ಅಂಟಿಸಿ, ಸಿಮೆಂಟು ಎರೆದ. ಅಚ್ಚು ಬಿಚ್ಚಿದರೆ ಎಲೆಯ ನರನರವೂ ಕುಂಡದ ಮೈಮೇಲೆ ಮೂಡಿರುತ್ತಿತ್ತು. ಹಿತ್ತಿಲು ಕುಂಡಗಳಿಂದ ತುಂಬಿತು. ಕೋಲಾರದಿಂದ ಗಾಡಿಗಳು ಬರತೊಡಗಿದವು.

ಲಕ್ಕೂರಿನಿಂದ ಸೊಸೆಯಾಗಿ ಬಂದ ಭಾರತಮ್ಮನಿಗೂ ಅವನು ಕೆಲಸ ಕಲಿಸಿದ. ಅವಳಿಗೆ ಮಕ್ಕಳಾಗಲಿಲ್ಲ. ಯಾರಾದರೂ ಕೇಳಿದರೆ ಮುದುಕ ಹಿತ್ತಿಲ ಕಡೆ ಕೈ ತೋರಿಸಿ, "ಅಕೋ, ಸಾಲಾಗಿ ಕೂತವ್ರಲ್ಲ ನನ್ ಮೊಮ್ಮಕ್ಳು. ಗಲಾಟೆ ಮಾಡಲ್ಲ, ಹಟ ಹಿಡಿಯಲ್ಲ" ಎನ್ನುತ್ತಿದ್ದ.

ಒಂದು ಗುಟ್ಟನ್ನು ಮಾತ್ರ ಅವಳಿಗೊಬ್ಬಳಿಗೇ ಹೇಳಿದ್ದ. "ಗಾರೆಗೆ ಬೆಲ್ಲ ಅಮೃತ ಕಣಮ್ಮ. ಸಿಮೆಂಟ್‌ಗೆ ಅದೇ ವಿಷ. ಹಳೇ ಅಭ್ಯಾಸದಲ್ಲಿ ಮೊದಲ್ನೇ ಕುಂಡಕ್ಕೆ ಸುರಿದುಬಿಟ್ಟಿದ್ದೆ. ಎಷ್ಟು ದಿನ ಕಾದ್ರೂ ಗಟ್ಟಿ ಆಗ್ಲೇ ಇಲ್ಲ. ರಾತ್ರೋರಾತ್ರಿ ಹೊತ್ಕೊಂಡ್ ಹೋಗಿ ಕೆರೆಗೆ ಹಾಕ್ದೆ. ಯಾರ್ಗೂ ಹೇಳ್ಬೇಡ, ನಗ್ತಾರೆ."

*

"ದೇವುಡಾ! ಇದೇನಕ್ಕಾ ಹಿಂಗೈತೆ?"

ನರಸಾಪುರದಿಂದ ಬಂದಿದ್ದ ಚಿಕ್ಕಗಂಗಮ್ಮ ಮೂಗಿನ ಮೇಲೆ ಬೆರಳಿಟ್ಟಳು. ಅವಳು ಭಾರತಮ್ಮನ ಅತ್ತೆ ರಾಮಲಕ್ಷ್ಮಮ್ಮನ ತಂಗಿ. ಮದುವೆಯ ವಯಸ್ಸಿಗೆ ಬಂದ ಅವಳ ಮಗಳನ್ನು ಆಂಜಿನಪ್ಪನಿಗೆ ಎರಡನೆಯವಳಾಗಿ ಕೊಡುವುದೆಂದು ಅಕ್ಕತಂಗಿಯರು ಯುಗಾದಿಯಲ್ಲೇ ಮಾತಾಡಿಕೊಂಡಿದ್ದರು. ಅಡ್ಡ ನಿಂತವನು ಗಂಗುಲಪ್ಪ ಒಬ್ಬನೇ. ಸೋಮವಾರ ಜ್ವರದಲ್ಲೇ ಎದ್ದು, ಯುದ್ಧ ಶುರುವಾಗಿ ಸಿಮೆಂಟಿಗೆ ಬರ ಬಂದ ಮೇಲೆ ಮುಚ್ಚಿಟ್ಟಿದ್ದ ಮೂಟೆ ತೆಗೆದು, ಹೊಲದಲ್ಲಿ ತನ್ನನ್ನು ಹೂಳುವ ಗುಂಡಿಯ ತಲೆದೆಸೆಗೆಂದು ತುಳಸಿ ಕುಂಡ ಎರೆದಿದ್ದ. ಊರ ಹಿರಿಯ ಪೆದ್ದಪ್ಪನನ್ನು ಕರೆಸಿ, ಹೆಂಡತಿ ಮಗ ಇಬ್ಬರ ಕೈಯನ್ನೂ ಅಚ್ಚಿನ ಮೇಲಿಡಿಸಿ ಆಣೆ ಮಾಡಿಸಿದ್ದ. ಆ ಕುಂಡ ತನ್ನ ತಲೆಯ ಹತ್ತಿರ ನಿಲ್ಲುವವರೆಗೆ ಭಾರತಮ್ಮನನ್ನು ತೌರಿಗೆ ಕಳಿಸಬಾರದು, ಇನ್ನೊಬ್ಬಳು ಹೊಸಲು ದಾಟಬಾರದು.

ಎಲ್ಲರೂ ಹೂಂ ಎಂದಿದ್ದರು. ಸಿಮೆಂಟಿನ ಕುಂಡ, ಮೂರು ದಿನದ ಮಾತು.

ಪೆದ್ದಪ್ಪ ಕೋಲೂರಿಕೊಂಡು ಬಂದ. ಬೆರಳಿನಿಂದ ಕುಂಡದ ಮೈ ಒತ್ತಿದ. ಬೆರಳು ಇಳಿಯಿತು.

"ಹಸಿಯಾಗೈತೆ."

"ಹಸಿಯಾದ್ರೆ ಹೆಂಚಿನ ಗೂಡಲ್ಲಿಟ್ಟು ಸುಡ್ರಪ್ಪ! ಮಾಲೂರಲ್ಲಿ ಗೂಡಿಗೇನು ಬರವಾ?" ಎಂದಳು ಚಿಕ್ಕಗಂಗಮ್ಮ.

"ಸತ್ತೋನಿಗೆ ಕೊಟ್ಟ ಮಾತನ್ನ ಸುಡ್ತೀಯೇನಮ್ಮ?" ಪೆದ್ದಪ್ಪ ಬೆರಳನ್ನು ಪಂಚೆಗೆ ಒರೆಸಿಕೊಂಡ, ಮತ್ತೆ ಮತ್ತೆ ಒರೆಸಿಕೊಂಡ. "ಅವ್ನಿಗಿನ್ನೂ ಮನಸ್ಸಿಲ್ಲ. ಹೆಣ ಎತ್ರಿ. ಇದು ಗಟ್ಟಿಯಾದಾಗ ನೋಡೋಣ."

"ಆಗ್ದೇ ಇದ್ರೆ?"

"ಆಗ್ದೇ ಇದ್ರೆ ಮಾತೂ ಹಂಗೇ ನಿಲ್ತದೆ."

ಚಿಕ್ಕಗಂಗಮ್ಮ ಭಾರತಮ್ಮನನ್ನು ಮೇಲಿಂದ ಕೆಳಗೆ ನೋಡಿದಳು. "ಕಲಸಿದ್ದು ಇವಳ ಕೈಯಲ್ವಾ? ಫಲ ನಿಲ್ಲದ ಕೈ. ಕುಂಡ ತಾನೇ ಎಲ್ಲಿ ನಿಂತೀತು?"

ಕಲಸಿದ್ದು ಮಾವ. ನೀರು ತರಲು ಭಾರತಮ್ಮನನ್ನು ಬಾವಿಗೆ ಕಳಿಸಿ, ತಾನೊಬ್ಬನೇ ಕಲಸಿದ್ದ. ಕಳಿಸುವ ಮುಂಚೆ, "ಬಾಯೆಲ್ಲ ಕಹಿ ಕಹಿ ಅಂತೈತೆ, ಒಂದು ಅಚ್ಚು ಬೆಲ್ಲ ಕೊಟ್ಟೋಗಮ್ಮ" ಎಂದಿದ್ದ.

ಅದು ನೆನಪಾದಾಗಲೇ ಅವಳ ಕಣ್ಣು ಕುಂಡದ ಬುಡಕ್ಕೆ ಹೋಯಿತು. ಕೆಂಜಿಗದ ಸಾಲೊಂದು ಗೋಡೆಯ ಬಿರುಕಿನಿಂದ ಹೊರಟು, ಅಚ್ಚಿನ ಕಾಲು ಹತ್ತಿ, ಬೆರಳಿಳಿದ ತೂತಿನೊಳಕ್ಕೆ ಹೋಗುತ್ತಿತ್ತು. ಕುಂಡದ ಮೈಯೇ ಸಣ್ಣಗೆ ಮಿಸುಕಿದಂತೆ ಕಂಡಿತು.

"ಇರುವೆ ಯಾಕೇ ಇಷ್ಟೊಂದು?" ಚಿಕ್ಕಗಂಗಮ್ಮ ಬಗ್ಗಿದಳು.

ಭಾರತಮ್ಮ ತಾನೂ ಬಗ್ಗಿದಳು. ಸೆರಗಿನ ಅಂಚಿನಿಂದ ಸಾಲನ್ನು ಒರೆಸಿದಳು.

"ಸಾವಿನ ಮನೆ ಅಲ್ವಾ ಚಿಕ್ಕಮ್ಮ. ಅಕ್ಕಿ ಚೆಲ್ಲೈತೆ."

ಇರುವೆಗಳು ಅವಳ ಬೆರಳು ಕಚ್ಚಿದವು. ಕೈ ಕದಲಿಸಲಿಲ್ಲ. ಚಿಕ್ಕಗಂಗಮ್ಮ ನಿಂತೇ ಇದ್ದಳು. ಹೊರಗೆ ತಮಟೆ ಶುರುವಾದ ಮೇಲೆ ಹೋದಳು.

*

ಮಣ್ಣು ಮುಗಿಸಿ ಬಂದವರು ಸ್ನಾನ ಮಾಡಿ, ಜಗಲಿಯ ದೀಪ ನೋಡಿಕೊಂಡು ಚೆದುರಿದರು. ಅತ್ತೆ ರಾಮಲಕ್ಷ್ಮಮ್ಮ ಒಳಗೆಲ್ಲೂ ಕಾಣಲಿಲ್ಲ. ಭಾರತಮ್ಮ ಹಿತ್ತಿಲಿಗೆ ಬಂದಳು.

ಮುಸ್ಸಂಜೆಯಲ್ಲಿ ಇಬ್ಬರು ಎದುರುಬದುರು ಕೂತಂತೆ ಕಂಡಿತು. ಒಂದು ಕುಂಡ, ಇನ್ನೊಂದು ಅತ್ತೆ. ಅತ್ತೆ ಗಂಡನ ಕಂಬಳಿಯನ್ನು ತಂದು ಕುಂಡಕ್ಕೆ ಹೊದಿಸಿದ್ದಳು. ಕೈ ಕಂಬಳಿಯೊಳಗಿತ್ತು.

"ಅತ್ತೆ, ಚಳಿ ಬೀಳ್ತಾ ಐತೆ. ಒಳಗೆ ಬನ್ನಿ."

"ಇನ್ನೂ ಇದಾರೆ ಕಣೇ," ಎಂದಳು ರಾಮಲಕ್ಷ್ಮಮ್ಮ. "ಗುಂಡೀಲಿ ಇಲ್ಲ. ಅಲ್ಲಿ ಬರೀ ಮಣ್ಣು ಸುರಿದ್ರು. ಇಲ್ಲಿ ಮುಟ್ಟಿದ್ರೆ ಗೊತ್ತಾಗ್ತದೆ."

ಭಾರತಮ್ಮನಿಗೆ ಬೆಲ್ಲದ ಮಾತು ನಾಲಗೆಯ ತುದಿಗೆ ಬಂತು. ಹೇಳಿದರೆ ಮುದುಕಿಯ ಭ್ರಮೆ ಹರಿಯುತ್ತದೆ. ಆಣೆಯೂ ಹರಿಯುತ್ತದೆ; ನಾಳೆಯೇ ಲಕ್ಕೂರಿನ ದಾರಿ. ಅವಳು ನುಂಗಿಕೊಂಡಳು.

"ಹಿಂಗೇ ಇರ್ತದಾ ಇದು?" ಅತ್ತೆ ಕೇಳಿದಳು.

"ನೀವು ನೋಡ್ಕೊಂಡ್ರೆ ಇರ್ತದೆ, ಅತ್ತೆ."

ಒಳಗಿನಿಂದ ಚಿಕ್ಕಗಂಗಮ್ಮನ ದನಿ ಬಂತು. "ಅಕ್ಕಾ, ಏನಾದ್ರೂ ಗಟ್ಟಿಯಾಯ್ತಾ?"

"ಇಲ್ಲ. ಆಗೋದೂ ಬೇಡ. ನಿನ್ ಮಗಳಿಗೆ ಬೇರೆ ಕಡೆ ನೋಡ್ಕೋ."

ಹೀಗೆಂದ ರಾಮಲಕ್ಷ್ಮಮ್ಮ ಸೊಸೆಯ ಕಡೆ ತಿರುಗಿದಳು. "ಬೆಳಿಗ್ಗೆ ಇಲ್ಲಿ ಬಿಸಿಲು ಬೀಳ್ತದೆ. ಒಳಕ್ಕೆ ತಗೊಂಡೋಗಾಣ. ಆ ಕಡೆ ಹಿಡ್ಕೋ, ಮೆಲ್ಲಗೆ."

ಭಾರತಮ್ಮ ಬಗ್ಗಿ ಅಚ್ಚಿನ ಹಲಗೆ ಹಿಡಿದಳು. ಅತ್ತೆ ಕಂಬಳಿಯೊಳಗೆ ಕುಂಡದಲ್ಲಿ ಇಳಿದಿದ್ದ ಬೆರಳನ್ನು ಹೊರಗೆಳೆದಳು. ಮಗು ಮೊಲೆ ಬಿಟ್ಟಾಗ ಆಗುವಂಥ ಸಣ್ಣದೊಂದು ಸದ್ದಾಯಿತು.