ಎಡಗೆನ್ನೆಯ ಅಚ್ಚು

ಮರಗಮ್ಮ ಅಪ್ಪಿಯ ರಟ್ಟೆ ಹಿಡಿದು ಎಳೆದಳು. ಅಪ್ಪಿ ಅಡುಗೆಕಟ್ಟೆಗೆ ಒರಗಿ ಕೂತವಳು ಕೂತಲ್ಲೇ ಕೂತಳು.

“ಏಳವ್ವಾ. ನೀರು ಬಿಟ್ಟು ಬಂದು ಬೇಕಾದ್ರ ದಿನಪೂರ್ತಿ ಕೂಡು. ಒಡಹುಟ್ಟಿದಾಕಿ ನೀರು ಬಿಡದ ಹೆಣಾ ಎತ್ತೂದಿಲ್ಲಂತ ಕುಂತಾರ ನಿಮ್ಮ ಮಂದಿ. ಬಿಸಲು ಏರಾಕತ್ತೈತಿ.”

“ಬರ್ತೇನೆ ಮಾರಾಯ್ತಿ. ಸ್ವಲ್ಪ ಬಿಡು.”

“ಮುಂಜಾನಿಂದ ಇದನ್ನ ಹೇಳಾಕತ್ತಿ.”

ಮುಂಬಯಿ ಹೊರವಲಯದ ವಿಠ್ಠಲವಾಡಿಯ ಆ ಚಾಳಿನಲ್ಲಿ ವಿಜಾಪುರದ ಮರಗಮ್ಮನಿಗೂ ಉಡುಪಿ ಕಡೆಯ ಅಪ್ಪಿಗೂ ನಡುವೆ ಒಂದೇ ಗೋಡೆ. ಹೊರಗೆ ಗಲ್ಲಿಯಲ್ಲಿ, ಬೆಂಚಿನ ಮೇಲೆ, ಅಪ್ಪಿಯ ಅಣ್ಣ ಪ್ರೇಮನಾಥ ಮಲಗಿದ್ದ. ನಿನ್ನೆ ಶೂಟಿಂಗ್ ಮುಗಿಸಿ ಬರುವಾಗ ಸ್ಟೇಷನ್ನಿನ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ. ಹೆಂಡತಿಯಿಲ್ಲ, ಮಕ್ಕಳಿಲ್ಲ, ಇದ್ದವಳು ತಂಗಿ ಒಬ್ಬಳೇ.

“ಅವಳಿಗೋಸ್ಕರ ಮದುವೆ ಕೂಡ ಆಗಲಿಲ್ಲ ಮಾರಾಯ್ರೆ,” ಕಿಟಕಿಯಾಚೆ ಊರಿನ ಸಂಘದ ಹಿರಿಯರು ಹೇಳುತ್ತಿದ್ದರು. “ಇಂಥ ಅಣ್ಣ ಯಾರಿಗೆ ಸಿಗ್ತಾನೆ?”

ಅದು ಸುಳ್ಳಲ್ಲ. ಸುಳ್ಳಾಗಿದ್ದರೆ ಅಪ್ಪಿಗೆ ಎಷ್ಟೋ ಸಲೀಸಾಗುತ್ತಿತ್ತು. ಬದಲಾಪುರದ ಗಂಡನ ಮನೆಯಲ್ಲಿ ಅವಳ ಎಡಗೆನ್ನೆ ಬೆಂದುಹೋದಾಗ ಪೊಲೀಸರು ಸ್ಟವ್ ಸಿಡಿಯಿತೆಂದು ಬರೆದುಕೊಂಡು ಕೈತೊಳೆದುಕೊಂಡರು. ಆಸ್ಪತ್ರೆಯಲ್ಲಿ ಹಗಲೂ ರಾತ್ರಿ ಕಾದವನು, ಗುಣವಾದ ಮೇಲೆ ಮನೆಗೆ ಕರೆದು ತಂದವನು ಪ್ರೇಮನಾಥ. ಅಂಥವನಿಗೆ ಒಂದು ಗುಟುಕು ನೀರು ಬಿಡಲು ಇವಳಿಗೇನು ಧಾಡಿ ಎಂದು ನಾಲ್ಕು ಜನ ಕೇಳಿದರೆ ಏನು ಹೇಳುವುದು?

*

ಹೋಟೆಲಿನಲ್ಲಿ ಲೋಟ ತೊಳೆಯಲು ಊರು ಬಿಟ್ಟು ಬಂದ ಹುಡುಗ ಪ್ರೇಮನಾಥ. ಮುಂಬಯಿಯಲ್ಲಿ ಊರಿನವರು ಆಡಿಸುತ್ತಿದ್ದ ಯಕ್ಷಗಾನಗಳ ಚೌಕಿಯಲ್ಲಿ, ವೇಷ ಕಟ್ಟುವ ಕೋಣೆಯಲ್ಲಿ, ಬಣ್ಣ ಅರೆಯುತ್ತ ಮೇಕಪ್ಪಿನ ಕೆಲಸ ಕಲಿತ. ಆಮೇಲೆ ಮರಾಠಿ ನಾಟಕ, ಆಮೇಲೆ ಹಿಂದಿ ಸಿನಿಮಾ. ಗಡ್ಡ ಅಂಟಿಸಿದ, ಹಣೆಗೆ ಗಾಯ ಮಾಡಿದ, ಯಾರ್‍ಯಾರನ್ನೋ ಮುದುಕರನ್ನಾಗಿಸಿದ. ಪರದೆಯ ಮೇಲೆ ಮಾತ್ರ ಅವನ ಹೆಸರು ಬರಲಿಲ್ಲ. ಆ ಹೆಸರಿಗಾಗಿ ಅವನು ಒಳಗೊಳಗೇ ಎಷ್ಟು ಹಂಬಲಿಸುತ್ತಿದ್ದ ಎಂಬುದು ಊಟ ಬಡಿಸುವ ಅಪ್ಪಿಗೆ ಗೊತ್ತಿತ್ತು.

ತೊಂಬತ್ತೊಂದರ ಒಂದು ಭಾನುವಾರ ಅವನು ಅವಳನ್ನು ಸ್ಟೂಲಿನ ಮೇಲೆ ಕೂರಿಸಿದ.

“ದೊಡ್ಡ ಡಾಕ್ಟರೊಬ್ಬರು ಸಿಕ್ಕಿದ್ದಾರೆ. ತೊಡೆಯ ಚರ್ಮ ತೆಗೆದು ಕೆನ್ನೆಗೆ ಕೂರಿಸ್ತಾರಂತೆ. ಮೊದಲು ಮುಖದ ಅಚ್ಚು ಬೇಕಂತೆ. ಅಲುಗಬೇಡ.”

ಹುಬ್ಬಿಗೆ ವ್ಯಾಸಲೀನು ಬಳಿದ. ಹಲ್ಲಿನ ಡಾಕ್ಟರು ಅಚ್ಚು ತೆಗೆಯಲು ಬಳಸುವ ಹಿಟ್ಟನ್ನು ಕಲಸಿ, ಮೂಗಿನ ಹೊಳ್ಳೆಯಷ್ಟು ಬಿಟ್ಟು ಮುಖವಿಡೀ ಮೆತ್ತಿದ. ಮೇಲೆ ಪ್ಲಾಸ್ಟರಿನ ಪಟ್ಟಿ ಸುತ್ತಿದ. ಕಣ್ಣು ಬಾಯಿ ಮುಚ್ಚಿದ ಆ ಕತ್ತಲೆಯಲ್ಲಿ ಅಪ್ಪಿ, ಹೊಸ ಕೆನ್ನೆ ಬಂದ ಮೇಲೆ ಹಾಡಹಗಲೇ ಕಲ್ಯಾಣದ ಮಾರ್ಕೆಟ್ಟಿಗೆ ಹೋಗಿ ಬಸಳೆ ಚೌಕಾಸಿ ಮಾಡುವುದನ್ನು ಎಣಿಸಿಕೊಂಡು ಕೂತಳು. ಅದಕ್ಕಿಂತ ದೊಡ್ಡ ಆಸೆ ಅವಳಿಗಿರಲಿಲ್ಲ.

ಡಾಕ್ಟರ ಸುದ್ದಿ ಮತ್ತೆ ಬರಲಿಲ್ಲ. ಮರುವರ್ಷ ಮರಗಮ್ಮ, “ನಿಮ್ಮಣ್ಣನ ಪಿಚ್ಚರ್ ಬಂದೈತಿ, ಬಾ” ಎಂದು ಸಂಜೆಯಾಟಕ್ಕೆ ಎಳೆದುಕೊಂಡು ಹೋದಳು. ಗಂಡ ಸುಟ್ಟುಹಾಕಿದ ಹೆಂಡತಿ ದೆವ್ವವಾಗಿ ಬರುವ ಕತೆ. ಇಂಟರ್‌ವಲ್ಲಿಗೆ ಮುಂಚೆ ದೆವ್ವ ಸೆರಗು ಸರಿಸಿತು. ಪರದೆಯ ತುಂಬ ಅಪ್ಪಿಯ ಎಡಗೆನ್ನೆ! ಕಿವಿಯ ಕೆಳಗಿನ ಗಂಟು, ಜಗ್ಗಿ ನಿಂತ ತುಟಿಯ ತುದಿ, ಒಂದೂ ಬಿಟ್ಟಿರಲಿಲ್ಲ. ಜನ ಚೀರಿದರು, ಆಮೇಲೆ ನಕ್ಕರು, ಹಿಂದಿನ ಸಾಲಿನವರು ಶಿಳ್ಳೆ ಹೊಡೆದರು. ಮರಗಮ್ಮ ಅವಳ ಕಡೆ ತಿರುಗಿಯೂ ನೋಡಲಿಲ್ಲ. ಅವಳಿಗೂ ಗುರುತು ಸಿಕ್ಕಿದೆ ಎಂದು ಅಪ್ಪಿಗೆ ತಿಳಿದದ್ದು ಅದರಿಂದಲೇ.

ಮನೆಗೆ ಬಂದು ಅಣ್ಣನನ್ನು ಕೇಳಿದಳು.

“ಡಾಕ್ಟರು ನೋಡಿ ಆಗುವುದಿಲ್ಲ ಅಂದರು,” ಎಂದ ಪ್ರೇಮನಾಥ, ಅನ್ನ ಕಲಸುತ್ತ. “ಅಚ್ಚು ಸುಮ್ಮನೆ ಬಿದ್ದಿತ್ತು, ಅದಕ್ಕೆ ರಬ್ಬರು ಎರೆದು ಆ ನಟಿಗೆ ಅಂಟಿಸಿದೆ. ಯಾರಿಗೆ ಗೊತ್ತಾಗ್ತದೆ?”

ಅವಳ ಮೈಯೆಲ್ಲ ಉರಿದುಹೋಯಿತು. ಆದರೂ ಒಂದು ಎಳೆ ಉಳಿದಿತ್ತು. ಮೊದಲು ಡಾಕ್ಟರ ಹತ್ತಿರ ಹೋದದ್ದು ತನಗಾಗಿಯೇ ತಾನೆ? ಆ ಎಳೆಯನ್ನೇ ಹಿಡಿದುಕೊಂಡು ಇಷ್ಟು ವರ್ಷ ಅವನಿಗೆ ಬೇಯಿಸಿ ಹಾಕಿದಳು. ಅಷ್ಟರಲ್ಲಿ ಅವನ ಹೆಸರು ಪರದೆಗೆ ಏರಿತು, ಪ್ರಶಸ್ತಿ ಬಂತು, ಬೆಂದ ಮುಖ ಬೇಕೆಂದರೆ ಪ್ರೇಮನಾಥನೇ ಆಗಬೇಕು ಎನ್ನುವಂತಾಯಿತು.

*

“ಅಕ್ಕಾ,” ಬಾಗಿಲಲ್ಲಿ ಮುರಾರಿ ಬಂದು ನಿಂತ. ಪ್ರೇಮನಾಥನ ಕೈಕೆಳಗೇ ಪಳಗಿ ಈಗ ತಲೆ ನರೆತ ಅಸಿಸ್ಟೆಂಟು. ಅತ್ತು ಅತ್ತು ಅವನ ಕಣ್ಣು ಊದಿಕೊಂಡಿದ್ದವು. “ಮೇಡಂ ಬಂದಿದ್ದಾರೆ. ಆ ದೆವ್ವದ ಪಾರ್ಟು ಮಾಡಿದವರು. ನೀವು ನೀರು ಬಿಟ್ಟರೆ ಅವರು ಹೂ ಹಾಕಿ ಹೊರಡ್ತಾರೆ.”

ಅಪ್ಪಿ ಎದ್ದಳು. ಸತ್ತವನ ಮೇಲೆ ಇನ್ನೆಂಥ ಹಟ? ಚೊಂಬಿಗೆ ನೀರು ತುಂಬಿ ತುಳಸಿಯ ದಳ ಹಾಕಿದಳು. ಮರಗಮ್ಮ ಉಸಿರು ಬಿಟ್ಟಳು. ಮುರಾರಿಗೆ ಸಮಾಧಾನದ ಮಾತು ಹೇಳುವ ಉಮೇದು.

“ಗುರುಗಳು ನಿಮ್ಮನ್ನು ಎಷ್ಟು ನೆಚ್ಚಿಕೊಂಡಿದ್ದರು ಗೊತ್ತುಂಟಾ ಅಕ್ಕಾ? ಆ ದೆವ್ವದ ಮುಖಕ್ಕೆ ಏನು ಮಾಡಿ ತೋರಿಸಿದರೂ ಡೈರೆಕ್ಟರು ಒಪ್ಪಲಿಲ್ಲ. ಕಡೆಗೆ ಇವರು ಹೇಳಿದರು, ‘ನನ್ನ ಮನೆಯಲ್ಲೇ ಒಂದು ಮುಖ ಉಂಟು. ಭಾನುವಾರ ಅಚ್ಚು ತೆಗೆದು ಸೋಮವಾರ ತರ್ತೇನೆ’ ಅಂತ.”

“ಮೊದಲು ಡಾಕ್ಟರಿಗೆ ತೋರಿಸಿದ್ದಲ್ಲವಾ?”

“ಯಾವ ಡಾಕ್ಟರು? ಸೋಮವಾರ ಇದೇ ಬಾಗಿಲಿಂದ ಸ್ಟುಡಿಯೋಕ್ಕೆ ಹೊತ್ತುಕೊಂಡು ಹೋದವನು ನಾನೇ ಅಲ್ಲವಾ.”

ಮರಗಮ್ಮ ಅವನನ್ನು ದುರುಗುಟ್ಟಿ ನೋಡಿದಳು. ಏನು ತಪ್ಪಾಯಿತೆಂದು ತಿಳಿಯದೆ ಮುರಾರಿ ಕಣ್ಣು ಕಣ್ಣು ಬಿಟ್ಟ.

ಅಪ್ಪಿ ಅಳಲಿಲ್ಲ. ಗಂಡನಾದವನು ಹಗೆಯಿಂದ ಮಾಡಿದ್ದ, ಅದನ್ನು ಬೈದು ಹಗುರಾಗಬಹುದಿತ್ತು. ಇವನು ಹೊಸ ಕೆನ್ನೆಯ ಆಸೆ ತೋರಿಸಿ, ಅಲುಗಬೇಡ ತಂಗೀ ಎಂದು ಕೂರಿಸಿ ದೋಚಿದ್ದ. ಇದಕ್ಕೆ ಯಾವ ಬೈಗುಳವೂ ಸಾಲದು.

ಹೊರಗೆ ಕಾಲಿಟ್ಟಾಗೆಲ್ಲ ಕೆನ್ನೆ ಮುಚ್ಚುತ್ತಿದ್ದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬರಿಮುಖದಲ್ಲಿ, ಬಿಸಿಲಿಗೆ ಬಂದಳು. ಜನ ದಾರಿ ಬಿಟ್ಟರು. ಹಿರಿಯರು ಹೆಣದ ತಲೆಯ ಕಡೆ ಕೈ ತೋರಿಸಿದರು. ಅಪ್ಪಿ ಅತ್ತ ಹೋಗಲಿಲ್ಲ. ಬಿಳಿ ಚೂಡಿದಾರದಲ್ಲಿ, ಕಪ್ಪು ಕನ್ನಡಕ ಹಾಕಿಕೊಂಡು ಹೂವಿನ ಹಾರ ಹಿಡಿದು ನಿಂತಿದ್ದ ನಟಿಯ ಎದುರು ಹೋಗಿ ನಿಂತಳು.

ನಟಿ ನಮಸ್ಕರಿಸಲು ಕೈ ಎತ್ತಿದವಳು ಅಷ್ಟಕ್ಕೇ ನಿಂತಳು. ನಿಧಾನವಾಗಿ ಕನ್ನಡಕ ತೆಗೆದಳು.

ಅಪ್ಪಿ ಅವಳ ಕೈಯ ಹಾರ ತೆಗೆದುಕೊಂಡು ಚೊಂಬು ಕೊಟ್ಟಳು.

“ನೀವೇ ಬಿಡಿ,” ಎಂದಳು, ಚಾಳಿನ ನಲ್ಲಿಯ ಹತ್ತಿರ ಕಲಿತ ಹಿಂದಿಯಲ್ಲಿ. “ಅವನ ತಂಗಿಯ ಮುಖ ನಿಮ್ಮ ಹತ್ತಿರವೇ ಇದೆ.”

ನಟಿ ಒಂದು ಕೈಯಲ್ಲಿ ಚೊಂಬು ಹಿಡಿದು ಅಪ್ಪಿಯನ್ನೇ ನೋಡುತ್ತಿದ್ದಳು. ಇನ್ನೊಂದು ಕೈ ಅವಳಿಗೇ ಅರಿವಿಲ್ಲದೆ ತನ್ನ ನುಣುಪಾದ ಎಡಗೆನ್ನೆಗೆ ಏರಿತು. ಅಂಟಿಸಿದ ರಬ್ಬರನ್ನು ಶೂಟಿಂಗ್ ಮುಗಿದ ಮೇಲೆ ಕೀಳಲು ಅಂಚು ಹುಡುಕುವ ಹಾಗೆ, ಅವಳ ಉಗುರು ಕಿವಿಯ ಕೆಳಗೆ ಕೆರೆಯುತ್ತಲೇ ಇತ್ತು.