ಒಂದೇ ಸಲ ಹಾಕಿದ ಲೆಕ್ಕ

"ಕಾಲಿನ ಕಡೆ ಎತ್ತಿ, ಇನ್ನೂ ಸ್ವಲ್ಪ... ಗೋಡೆಗೆ ತಾಗುತ್ತೆ!"

ಮೆಟ್ಟಿಲಿನ ತಿರುವಿನಲ್ಲಿ ಶವದ ಪೆಟ್ಟಿಗೆ ಸಿಕ್ಕಿಕೊಂಡಿತ್ತು. ಕೆಳಗಿನಿಂದ ಹೆಗಲು ಕೊಟ್ಟಿದ್ದ ತಮ್ಮ ಗೋಡೆಗೆ ಬೆನ್ನು ಒತ್ತಿ ಉಸಿರು ಬಿಗಿಹಿಡಿದ. ಅಕ್ಕನ ಮನೆಗೆ ಅವನು ಬಂದದ್ದು ಇದೇ ಮೊದಲು. ಅದೂ ಅವಳನ್ನು ಇಳಿಸುವುದಕ್ಕೆ.

"ನಮ್ಮ ಮೇಡಂ ಇಷ್ಟು ಭಾರ ಇದ್ರಾ!" ಎಂದ ಅವಳ ಕಚೇರಿಯ ಡ್ರೈವರ್, ಅತ್ತು ಕೆಂಪಾದ ಕಣ್ಣಿನಲ್ಲೇ. "ಹೊತ್ತಿಗೆ ಸರಿಯಾಗಿ ಊಟ ಮಾಡಿದ್ದನ್ನ ನಾನಂತೂ ನೋಡಿಲ್ಲ."

ಯಾರೋ ನಕ್ಕು, ನಕ್ಕಿದ್ದಕ್ಕೆ ನಾಚಿ ಕೆಮ್ಮಿದರು.

ಕೆಳಗೆ ಜನ ಕಾಯುತ್ತಿದ್ದರು. ಎಲ್ಲರೂ ಎಮ್ಮೆಯಮ್ಮ ಎಂದು ಕರೆಯುವ, ಕಾಲುವೆಯ ಮೇಲ್ಭಾಗದ ಊರಿನ ಹೆಂಗಸೂ ಅವರಲ್ಲಿದ್ದಳು. ದಿನಾ ಬೆಳಿಗ್ಗೆ ತಮ್ಮನ ಗಾಡಿಗೆ ಹಾಲು ಹಾಕುವವಳು.

"ಹಾಲಿನ ಗಾಡಿಯವನೇ, ನೀನೇನಪ್ಪಾ ಇಲ್ಲಿ?"

"ನಮ್ಮಕ್ಕ."

ಎಮ್ಮೆಯಮ್ಮ ಬಾಯಿ ಮೇಲೆ ಕೈಯಿಟ್ಟಳು. "ಇಷ್ಟು ವರ್ಷ ಒಂದು ಮಾತು ಹೇಳಲಿಲ್ವಲ್ಲೋ! ಬರ ಬಿದ್ದಾಗ ನಿಮ್ಮಕ್ಕ ನಮ್ಮ ಕೊಟ್ಟಿಗೆಗೇ ಬಂದು ಕೂತ್ಕೊಂಡು ಕೇಳೋರು, ನೀರು ನಿಂತ್ರೆ ಮೊದಲು ಏನು ಮಾರ್ತೀಯಮ್ಮ, ಆಮೇಲೆ ಏನು ಅಂತ. ಎಮ್ಮೆ ಮಾರಲ್ಲ, ಬೇಕಾದ್ರೆ ನನ್ನೇ ಮಾರ್ಕೋತೀನಿ ಅಂದಿದ್ದೆ. ಪುಣ್ಯಾತ್ಗಿತ್ತಿ! ನಮ್ಮ ಕಡೆ ನೀರು ಬಿಟ್ರು, ಹುಲ್ಲು ಉಳೀತು, ಎಮ್ಮೆ ಉಳೀತು."

ಆ ನೀರು ಯಾರ ಪಾಲಿನದೆಂದು ಅವಳಿಗೆ ಗೊತ್ತಿರಲಿಲ್ಲ.

*

ಆ ಬರದ ವರ್ಷ, ನೀರು ಹಂಚಿಕೆಯ ಆದೇಶ ಬರುವ ಮೊದಲೇ ಅಕ್ಕ ತಾನೇ ತಮ್ಮನ ಮನೆಗೆ ಬಂದಿದ್ದಳು. ತಮ್ಮನ ಹೊಲ ಕಾಲುವೆಯ ಕಟ್ಟಕಡೆಗಿತ್ತು. ನಿಂಬೆ ಗಿಡಗಳು ಮೊದಲ ಸಲ ಕಾಯಿ ಕಚ್ಚಿದ್ದವು. ಜಲಾಶಯದ ಮಟ್ಟ, ಬೆಳೆ, ಮೇವು, ಕೂಲಿ, ಸಂತೆಯ ಬೆಲೆ ಎಲ್ಲವನ್ನೂ ಕಂಪ್ಯೂಟರಿಗೆ ಉಣಿಸಿ, ನೀರು ಕಡಿಮೆಯಾದರೆ ಯಾರ ಬದುಕು ಎಲ್ಲಿ ಮುರಿಯುತ್ತದೆಂದು ಮುಂಚಿತವಾಗಿ ಕಂಡುಕೊಳ್ಳುವುದು ಅವಳ ಕೆಲಸ.

"ಈ ಬೇಸಿಗೆ ನಿನ್ನ ಕಡೆ ನೀರು ಬರಲ್ಲ ಕಣೋ."

"ಯಾವನು ಹಾಗಂದಿದ್ದು?"

"ನಾನೇ. ಇರೋದನ್ನ ಎಲ್ಲರಿಗೂ ಹಂಚಿದ್ರೆ ಯಾರ ಬೆಳೆಯೂ ಕೈಗೆ ಹತ್ತಲ್ಲ. ಮೇಲಿನವರಿಗೆ ಮೇವು ಬೆಳೆಯೋಕೆ ಕೊಟ್ರೆ ದನ ಉಳಿಯುತ್ತೆ, ಹಾಲು ಉಳಿಯುತ್ತೆ, ಅದನ್ನ ನಂಬಿದವರ ಕೂಲಿನೂ ಉಳಿಯುತ್ತೆ."

"ನಿಂಬೆ ಗಿಡ?"

ಅಕ್ಕ ತಲೆ ತಗ್ಗಿಸಲಿಲ್ಲ. "ಹೋಗುತ್ತೆ."

"ಊರಿಗೆಲ್ಲ ನೆರಳು, ನನ್ನ ತಲೆಗೆ ಬಿಸಿಲು! ಒಡಹುಟ್ಟಿದವಳು ಹಾಕೋ ಲೆಕ್ಕನಾ ಇದು? ಇನ್ನು ನನ್ನ ಹೊಸಿಲು ತುಳಿಯಬೇಡ."

ಅವಳು ತುಳಿಯಲಿಲ್ಲ. ಗಿಡಗಳು ಒಣಗಿ ಸೌದೆಯಾದವು. ಹಾಲಿನ ಡೈರಿ ಮಾತ್ರ ಮುಚ್ಚಲಿಲ್ಲ. ಅವನಿಗೆ ಗಾಡಿ ಓಡಿಸುವ ಕೆಲಸ ಸಿಕ್ಕಿದ್ದು ಅಲ್ಲೇ. ಅದು ಯಾಕೆ ಮುಚ್ಚಲಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಸಿಟ್ಟು ಆರಿರಲಿಲ್ಲ.

*

ಹೂಳುವ ಜಾಗದಲ್ಲಿ, ಅಕ್ಕನ ಕೈಕೆಳಗೆ ಕೆಲಸ ಕಲಿತ ಹುಡುಗಿ ಅವನ ಪಕ್ಕ ಬಂದು ನಿಂತಳು. ಇಷ್ಟು ವರ್ಷ ನುಂಗಿಕೊಂಡಿದ್ದ ಮಾತು ಅವನ ಬಾಯಿಗೆ ಬಂತು.

"ನಮ್ಮ ಕಡೆಗೂ ನೀರು ಸಿಗೋ ಹಾಗೆ ಬೇರೆ ಥರ ಲೆಕ್ಕ ಹಾಕಿ ನೋಡಿದ್ಲಾ?"

ಹುಡುಗಿ ಸುಳ್ಳು ಹೇಳಬಹುದಿತ್ತು. ಅವನೂ ಅದನ್ನೇ ಬಯಸಿದ್ದನೇನೋ.

"ಇಲ್ಲ ಅಣ್ಣ. ಬೇರೆ ಊರಿನ ಲೆಕ್ಕ ಆದ್ರೆ ಹತ್ತು ಸಲ ಹಾಕಿ ನೋಡೋರು. ನಿಮ್ಮದನ್ನ ಒಂದೇ ಸಲ. ಯಾಕೆ ಅಂತ ಕೇಳಿದೆ. 'ಇನ್ನೊಂದು ಸಲ ಕೂತ್ರೆ ನನ್ನ ತಮ್ಮ ಗೆಲ್ಲೋ ಹಾಗೆ ಮಾಡ್ಬಿಡ್ತೀನಿ ಕಣೇ' ಅಂದ್ರು. ಆಮೇಲೆ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಕೊಂಡು ತುಂಬಾ ಹೊತ್ತು ಹೊರಗೇ ಬರಲಿಲ್ಲ. ಅವರು ನೀರು ಪೋಲು ಮಾಡಿದ್ದು ನಾನು ನೋಡಿದ್ದು ಅದೊಂದೇ ದಿನ."

ಅವನು ಮುಖ ತಿರುಗಿಸಿದ. ಪೆಟ್ಟಿಗೆ ಇಳಿಯಿತು. "ಒಡಹುಟ್ಟಿದವರು ಮೊದಲು" ಎಂದರು ಯಾರೋ.

ಬಾಗಿ, ಗುಂಡಿಯ ಅಂಚಿನಿಂದ ಒಂದು ಹಿಡಿ ಮಣ್ಣು ತೆಗೆದ. ಆಳದಿಂದ ಬಂದದ್ದು, ತಣ್ಣಗಿತ್ತು. ಬಿತ್ತನೆಗೆ ಮೊದಲು ಹದ ನೋಡುವಂತೆ ಕೈ ತಾನಾಗಿಯೇ ಅದನ್ನು ಹಿಸುಕಿತು. ಬೆರಳು ಬಿಚ್ಚಿದ. ಮಣ್ಣು ಉದುರಲಿಲ್ಲ, ನೀರಿನ ಪಸೆಗೆ ಬೆರಳಚ್ಚು ಹೊತ್ತು ಮುದ್ದೆಯಾಗಿ ಕೂತಿತ್ತು.

ಹಿಂದೆ ನಿಂತವರು ಕಾಯುತ್ತಿದ್ದರು. ಅವನು ಅಂಗೈಯನ್ನೇ ನೋಡುತ್ತ ನಿಂತ. ಆಮೇಲೆ ಮಂಡಿಯೂರಿ, ತೋಳನ್ನು ಆದಷ್ಟು ಕೆಳಕ್ಕೆ ಚಾಚಿ, ಮುದ್ದೆ ಒಡೆಯದ ಹಾಗೆ ಮೆಲ್ಲಗೆ ಬಿಟ್ಟ.